ಕಾರಿನ ಬ್ಯಾಟರಿ ಮತ್ತು ಸ್ಟಾರ್ಟಿಂಗ್ ದೋಷಗಳು

ಕಾರಿನ ಸ್ಟಾರ್ಟಿಂಗ್ ದೋಷ ಎಂದರೆ ಚಾಲಕನು ಕೀಲಿ ತಿರುಗಿಸಿದಾಗ ಅಥವಾ ಸ್ಟಾರ್ಟ್ ಗುಂಡಿ ಒತ್ತಿದಾಗ ಎಂಜಿನ್ ಚಾಲನೆಗೊಳ್ಳದಿರುವ ಸ್ಥಿತಿ. ಆಡುಮಾತಿನಲ್ಲಿ ಇದನ್ನು ‘ಸೆಲ್ಫ್ ತಗೊಳ್ತಿಲ್ಲ’, ‘ಬ್ಯಾಟರಿ ಡೌನ್ ಆಗಿದೆ’ ಎಂದು ಹೇಳುವುದುಂಟು. ಈ ಎರಡು ಮಾತುಗಳು ಒಂದೇ ಅರ್ಥದಲ್ಲಿ ಬಳಕೆಯಾಗುತ್ತಿದ್ದರೂ ಅವು ಸೂಚಿಸುವ ದೋಷಗಳು ಬೇರೆ ಬೇರೆ. ದುರ್ಬಲಗೊಂಡ ಬ್ಯಾಟರಿಯು ಸ್ಟಾರ್ಟಿಂಗ್ ದೋಷಕ್ಕೆ ಅತ್ಯಂತ ಸಾಮಾನ್ಯವಾದ ಕಾರಣಗಳಲ್ಲೊಂದು. ಆದರೆ ಸಡಿಲವಾದ ಟರ್ಮಿನಲ್, ಸವೆದ ಸ್ಟಾರ್ಟರ್ ಮೋಟಾರು, ಚಾರ್ಜ್ ಮಾಡದ ಆಲ್ಟರ್ನೇಟರ್ ಇವೂ ಮೇಲ್ನೋಟಕ್ಕೆ ಬ್ಯಾಟರಿಯ ದೋಷದಂತೆಯೇ ಕಾಣುತ್ತವೆ. ಪರೀಕ್ಷೆ ಮಾಡದೆ ಬ್ಯಾಟರಿ ಬದಲಾಯಿಸಿದ ಕಾರು ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲುವುದು ಈ ಕಾರಣದಿಂದಲೇ. ಈ ಲೇಖನವು ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಬಳಸುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗೆ ಸಂಬಂಧಿಸಿದೆ.

ಇತಿಹಾಸ

ಸೀಸ-ಆಮ್ಲ ಬ್ಯಾಟರಿಯನ್ನು ಫ್ರೆಂಚ್ ಭೌತವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಮತ್ತೆ ಮತ್ತೆ ಚಾರ್ಜ್ ಮಾಡಿ ಬಳಸಬಹುದಾದ ಮೊದಲ ಬ್ಯಾಟರಿ ಇದು. 1881ರಲ್ಲಿ ಕಮೀಲ್ ಫೋರ್ ಸೀಸದ ಆಕ್ಸೈಡಿನ ಲೇಪವನ್ನು ಫಲಕಗಳಿಗೆ ಬಳಿಯುವ ವಿಧಾನವನ್ನು ಕಂಡುಕೊಂಡ ಮೇಲೆ ಅದರ ಸಾಮರ್ಥ್ಯ ಹೆಚ್ಚಿ, ಕಾರ್ಖಾನೆಗಳಲ್ಲಿ ತಯಾರಿಕೆ ಸಾಧ್ಯವಾಯಿತು.

ಆರಂಭದ ಕಾರುಗಳನ್ನು ಮುಂಭಾಗದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದೆದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಅದುವರೆಗೆ ದೀಪ ಮತ್ತು ಕಿಡಿಗಷ್ಟೇ ಬೇಕಾಗಿದ್ದ ಬ್ಯಾಟರಿಯು ಅಂದಿನಿಂದ ಕಾರು ಹೊರಡುವುದಕ್ಕೇ ಅನಿವಾರ್ಯವಾಯಿತು. ಭಾರತದಲ್ಲಿ ಅಂಬಾಸಿಡರ್‌ನಂಥ ಹಳೆಯ ಕಾರುಗಳಿಗೆ ಬ್ಯಾಟರಿ ಕೈಕೊಟ್ಟಾಗ ಬಳಸಲು ಹ್ಯಾಂಡಲ್ ಇರುತ್ತಿತ್ತು. ಇಂದಿನ ಕಾರುಗಳಲ್ಲಿ ಆ ಅವಕಾಶವಿಲ್ಲ.

ರಚನೆ ಮತ್ತು ಕಾರ್ಯವಿಧಾನ

12 ವೋಲ್ಟಿನ ಬ್ಯಾಟರಿಯೊಳಗೆ ಆರು ವಿದ್ಯುತ್ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುತ್ತವೆ. ಪೂರ್ಣ ಚಾರ್ಜ್ ಆದ ಒಂದು ಕೋಶ ಸುಮಾರು 2.1 ವೋಲ್ಟ್ ನೀಡುವುದರಿಂದ ಇಡೀ ಬ್ಯಾಟರಿಯ ವೋಲ್ಟೇಜ್ 12.6ರಷ್ಟಿರುತ್ತದೆ. ಪ್ರತಿ ಕೋಶದಲ್ಲಿ ಸೀಸದ ಡೈಆಕ್ಸೈಡಿನ ಧನ ಫಲಕಗಳು, ಸ್ಪಂಜಿನಂಥ ಸೀಸದ ಋಣ ಫಲಕಗಳು ಹಾಗೂ ಅವುಗಳ ನಡುವೆ ದುರ್ಬಲ ಸಲ್ಫ್ಯೂರಿಕ್ ಆಮ್ಲ ಇರುತ್ತವೆ. ವಿದ್ಯುತ್ತು ಹೊರಹರಿಯುವಾಗ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಆಮ್ಲ ತೆಳುವಾಗಿ ನೀರಿನ ಅಂಶ ಹೆಚ್ಚುತ್ತದೆ. ಚಾರ್ಜ್ ಮಾಡುವಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಆಮ್ಲದ ಸಾಂದ್ರತೆಯನ್ನು ಅಳೆದು ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಹೇಳಲು ಸಾಧ್ಯವಾಗುವುದು ಇದರಿಂದಲೇ.

ಎಂಜಿನನ್ನು ತಿರುಗಿಸಲು ಬ್ಯಾಟರಿಯಿಂದ ಹೆಚ್ಚು ವಿದ್ಯುತ್ತು ಖರ್ಚಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಸುಮಾರು 150 ಆಂಪಿಯರ್ ಪ್ರವಾಹವನ್ನು ಎರಡು ಸೆಕೆಂಡು ಎಳೆದುಕೊಂಡಿತೆಂದು ಇಟ್ಟುಕೊಂಡರೆ, ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಡಿಕ್ಕಿಯೊಳಗೆ ಆರದೆ ಉಳಿದ 5 ವಾಟಿನ ಪುಟ್ಟ ಬಲ್ಬು ಒಂದು ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ ಕುಡಿಯುತ್ತದೆ. ಆದ್ದರಿಂದ ಸ್ಟಾರ್ಟರ್ ಬ್ಯಾಟರಿಯಿಂದ ಬೇಡುವುದು ಪ್ರಮಾಣವನ್ನಲ್ಲ, ರಭಸವನ್ನು. ದೀಪ, ಹಾರನ್, ರೇಡಿಯೋ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಎಂಜಿನ್ ತಿರುಗದಿರಲು ಸಾಧ್ಯ. ‘ಹಾರನ್ ಬರುತ್ತಿದೆ, ಹಾಗಾಗಿ ಬ್ಯಾಟರಿ ಸರಿಯಿದೆ’ ಎಂಬ ತೀರ್ಮಾನಕ್ಕೆ ಆಧಾರವಿಲ್ಲ.

ಕೆರೆಯ ಹೋಲಿಕೆಯಿಂದ ಇದನ್ನು ತಿಳಿಯಬಹುದು. ಕೆರೆ ತುಂಬಿದ್ದರೂ ತೂಬಿನಲ್ಲಿ ಕಸ ಕಟ್ಟಿಕೊಂಡಿದ್ದರೆ ಗದ್ದೆಗೆ ನೀರು ಹರಿಯದು: ಇದು ಟರ್ಮಿನಲ್ ಅಥವಾ ಕೇಬಲ್ಲಿನ ದೋಷ. ಕೆರೆಯಲ್ಲೇ ಹೂಳು ತುಂಬಿದ್ದರೆ ಅದು ಬೇಗ ತುಂಬುತ್ತದೆ, ಬೇಗ ಬತ್ತುತ್ತದೆ: ಇದು ಮುಪ್ಪಾದ ಬ್ಯಾಟರಿ. ಕೆರೆಗೆ ನೀರು ತರುವ ಕಾಲುವೆ ಒಡೆದಿದ್ದರೆ ಅದು ಆಲ್ಟರ್ನೇಟರಿನ ದೋಷ. ಏರಿಯಲ್ಲಿ ಸೋರಿಕೆಯಿದ್ದರೆ ಅದು ನಿಂತ ಕಾರಿನಲ್ಲಿ ಗುಟ್ಟಾಗಿ ವಿದ್ಯುತ್ತು ಹೀರುವ ಉಪಕರಣ. ನಾಲ್ಕೂ ಸಂದರ್ಭಗಳಲ್ಲಿ ಗದ್ದೆ ಒಣಗುತ್ತದೆ. ಪರಿಹಾರ ಮಾತ್ರ ನಾಲ್ಕು ಬಗೆ.

ಸದ್ದಿನಿಂದ ದೋಷ ಗುರುತಿಸುವಿಕೆ

ಯಾವ ಉಪಕರಣವೂ ಇಲ್ಲದೆ ದೊರೆಯುವ ಮೊದಲ ಸುಳಿವು ಕೀಲಿ ತಿರುಗಿಸಿದಾಗ ಕೇಳುವ ಸದ್ದು. ಇದರ ಜೊತೆಗೆ ಒಳಗಿನ ದೀಪವನ್ನು ಹೊತ್ತಿಸಿಟ್ಟು, ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಅದರ ಬೆಳಕು ಏನಾಗುತ್ತದೆ ಎಂದು ಗಮನಿಸಬೇಕು.

ಒಂದರ ಹಿಂದೊಂದು ‘ಟಕ್-ಟಕ್-ಟಕ್’ ಎಂದು ವೇಗವಾಗಿ ಸದ್ದು ಬಂದು ದೀಪ ಮಂಕಾದರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಸ್ಟಾರ್ಟರಿನ ಸೊಲೆನಾಯ್ಡ್ ಸಂಪರ್ಕ ಕೂಡಿಸಿದ ಕೂಡಲೆ ಮೋಟಾರು ಭಾರೀ ಪ್ರವಾಹವನ್ನು ಎಳೆಯುತ್ತದೆ; ದುರ್ಬಲ ಬ್ಯಾಟರಿಯ ವೋಲ್ಟೇಜ್ ಬಿದ್ದು ಸೊಲೆನಾಯ್ಡ್ ಕಳಚಿಕೊಳ್ಳುತ್ತದೆ; ಭಾರ ತಪ್ಪಿದ್ದರಿಂದ ವೋಲ್ಟೇಜ್ ಮತ್ತೆ ಏರಿ ಅದು ಪುನಃ ಕೂಡುತ್ತದೆ. ಈ ಕೂಡುವಿಕೆ ಮತ್ತು ಕಳಚುವಿಕೆಯೇ ಆ ಸದ್ದು. ಕಾರಣ ಬ್ಯಾಟರಿಯೂ ಇರಬಹುದು, ಕಿಲುಬು ಹಿಡಿದ ಟರ್ಮಿನಲ್ಲೂ ಇರಬಹುದು.

ಒಂದೇ ಒಂದು ಗಟ್ಟಿ ‘ಟಕ್’ ಬಂದು ದೀಪ ಮಂಕಾಗದೆ ಉಳಿದರೆ ಸಂಶಯ ಸ್ಟಾರ್ಟರಿನ ಕಡೆಗೆ ತಿರುಗಬೇಕು. ಸೊಲೆನಾಯ್ಡ್ ಎಳೆದಿದೆ, ಆದರೆ ಮೋಟಾರಿಗೆ ಪ್ರವಾಹ ಹರಿದಿಲ್ಲ. ಸವೆದ ಇಂಗಾಲದ ಬ್ರಷ್ ಅಥವಾ ಸುಟ್ಟ ಸಂಪರ್ಕಬಿಂದು ಇದಕ್ಕೆ ಸಾಮಾನ್ಯ ಕಾರಣ. ಸ್ಟಾರ್ಟರಿನ ಮೈಗೆ ಮೆಲ್ಲನೆ ತಟ್ಟಿದಾಗ ಕಾರು ಚಾಲೂ ಆಗುವ ಹಳೆಯ ಉಪಾಯವು ಬ್ರಷ್ ಸವೆದಿರುವುದರ ಸೂಚನೆಯೇ ಹೊರತು ದುರಸ್ತಿಯಲ್ಲ.

ಯಾವ ಸದ್ದೂ ಇಲ್ಲ, ಫಲಕದ ದೀಪಗಳೂ ಹೊತ್ತಿಲ್ಲ ಎಂದಾದರೆ ಬ್ಯಾಟರಿ ಸಂಪೂರ್ಣ ಬರಿದಾಗಿದೆ ಅಥವಾ ಟರ್ಮಿನಲ್ ಕಳಚಿದೆ. ಫಲಕದ ದೀಪಗಳು ಪ್ರಕಾಶಮಾನವಾಗಿದ್ದೂ ಸದ್ದೇ ಇಲ್ಲದಿದ್ದರೆ ಬ್ಯಾಟರಿಯನ್ನು ದೂರುವ ಮೊದಲು ಕ್ಲಚ್ ಪೂರ್ತಿ ಒತ್ತಲಾಗಿದೆಯೇ, ಆಟೋಮ್ಯಾಟಿಕ್ ಕಾರಿನಲ್ಲಿ ಗೇರು ಪಾರ್ಕ್ ಅಥವಾ ನ್ಯೂಟ್ರಲ್ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ಫಲಕದಲ್ಲಿ ಕೀಲಿಯ ಚಿಹ್ನೆ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್ ಕೀಲಿಯನ್ನು ಗುರುತಿಸುತ್ತಿಲ್ಲ. ಗುಂಡಿ ಒತ್ತಿ ಚಾಲೂ ಮಾಡುವ ಅನೇಕ ಕಾರುಗಳಲ್ಲಿ ಕೀಲಿಯೊಳಗಿನ ನಾಣ್ಯದಾಕಾರದ ಸೆಲ್ ಮುಗಿದಿದ್ದಾಗಲೂ, ಕೀಲಿಯನ್ನು ಗುಂಡಿಯ ಹತ್ತಿರ ಅಥವಾ ಕೈಪಿಡಿಯಲ್ಲಿ ಹೇಳಿದ ಜಾಗದಲ್ಲಿ ಹಿಡಿದರೆ ಕಾರು ಚಾಲೂ ಆಗುತ್ತದೆ.

ಎಂಜಿನ್ ಎಂದಿನ ವೇಗದಲ್ಲೇ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿ ನಿರಪರಾಧಿ ಎಂದೇ ತಿಳಿಯಬೇಕು. ಅದು ಇಂಧನ ಅಥವಾ ಕಿಡಿಯ ದೋಷ. ಪೆಟ್ರೋಲ್ ಕಾರಿನಲ್ಲಿ ಕೀಲಿಯನ್ನು ಆನ್ ಸ್ಥಾನಕ್ಕೆ ತಂದ ಕೂಡಲೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಇಂಧನ ಪಂಪಿನ ಗುಂಯ್‌ಗುಡುವಿಕೆ ಕೇಳಬೇಕು. ಹಾಗೆ ಕೇಳುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ನಿಂತಿದ್ದರೆ ಪಂಪು, ಅದರ ರಿಲೇ ಅಥವಾ ಫ್ಯೂಸ್ ಪರೀಕ್ಷಿಸಬೇಕು. ಇಲಿಗಳು ಎಂಜಿನ್ನಿನ ಸುತ್ತಲಿನ ತಂತಿಗಳನ್ನು ಕಡಿದಿರುವುದೂ ಭಾರತದಲ್ಲಿ ಅಪರೂಪವೇನಲ್ಲ. ಇಂಥ ಸಂದರ್ಭದಲ್ಲಿ ಮತ್ತೆ ಮತ್ತೆ ಸ್ಟಾರ್ಟರ್ ತಿರುಗಿಸುತ್ತ ಹೋದರೆ ಒಳ್ಳೆಯ ಬ್ಯಾಟರಿಯೂ ಬರಿದಾಗಿ, ಮೂಲ ದೋಷದ ಜೊತೆಗೆ ಎರಡನೆಯದೊಂದು ಸೇರಿಕೊಳ್ಳುತ್ತದೆ. ಒಂದು ಪ್ರಯತ್ನ ಹತ್ತು ಸೆಕೆಂಡು ಮೀರಬಾರದು. ಎರಡು ಪ್ರಯತ್ನಗಳ ನಡುವೆ ಸ್ಟಾರ್ಟರ್ ತಣಿಯಲು ಬಿಡುವು ಕೊಡಬೇಕು.

ಮಳೆಗಾಲದ ನೆರೆಯಲ್ಲಿ ಮುಳುಗಿದ ಕಾರಿನ ವಿಷಯ ಪ್ರತ್ಯೇಕ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಅದು ಗಾಳಿಯಂತೆ ಸಂಕುಚಿಸದು. ಸ್ಟಾರ್ಟ್ ಮಾಡಲು ಯತ್ನಿಸಿದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗಬಹುದು. ಅಂಥ ಕಾರನ್ನು ಒಮ್ಮೆಯೂ ಚಾಲೂ ಮಾಡಲೆತ್ನಿಸದೆ ಎಳೆದೊಯ್ಯುವುದೇ ಸರಿಯಾದ ಕ್ರಮ.

ವೋಲ್ಟೇಜ್ ಪರೀಕ್ಷೆ

ಸದ್ದು ಸುಳಿವನ್ನಷ್ಟೇ ಕೊಡುತ್ತದೆ. ನಿರ್ಣಯಕ್ಕೆ ಸಾಧಾರಣ ಮಲ್ಟಿಮೀಟರ್ ಸಾಕು. ಪರೀಕ್ಷೆಯನ್ನು ಮೂರು ಸ್ಥಿತಿಗಳಲ್ಲಿ ಮಾಡಬೇಕು: ಕಾರು ನಿಂತಿರುವಾಗ, ಎಂಜಿನ್ ತಿರುಗುತ್ತಿರುವಾಗ ಮತ್ತು ಚಾಲೂ ಆದ ಮೇಲೆ. ಮೊದಲನೆಯದೊಂದನ್ನೇ ಮಾಡಿ ನಿಲ್ಲಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

ನಿಂತ ಕಾರಿನ ಬ್ಯಾಟರಿಯನ್ನು ಕೆಲವು ಗಂಟೆಗಳ ವಿಶ್ರಾಂತಿಯ ನಂತರ ಅಳೆಯಬೇಕು. ಆಗ ತಾನೇ ಓಡಿ ಬಂದ ಕಾರಿನಲ್ಲಿ ಫಲಕಗಳ ಮೇಲ್ಮೈಯಲ್ಲಿ ಉಳಿದ ಚಾರ್ಜಿನಿಂದ ಮೀಟರು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಕಾಯಲು ಸಮಯವಿಲ್ಲದಿದ್ದರೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಬಹುದು. 12.6 ವೋಲ್ಟ್ ಅಥವಾ ತುಸು ಹೆಚ್ಚು ಇದ್ದರೆ ಪೂರ್ಣ ಚಾರ್ಜ್. 12.4ರಲ್ಲಿ ಮುಕ್ಕಾಲು, 12.2ರಲ್ಲಿ ಅರ್ಧ, 12.0ರಲ್ಲಿ ಕಾಲು ಭಾಗದಷ್ಟು ಉಳಿದಿದೆ ಎಂದು ಅಂದಾಜಿಸಬಹುದು. ಪೂರ್ಣದಿಂದ ಅರ್ಧಕ್ಕೆ ಇಳಿಯುವಾಗ ವ್ಯತ್ಯಾಸ ಕೇವಲ 0.4 ವೋಲ್ಟ್ ಎಂಬುದನ್ನು ನೆನಪಿಡಬೇಕು. ‘ಹನ್ನೆರಡು ತೋರಿಸುತ್ತಿದೆ, ಸರಿಯಿದೆ’ ಎಂಬ ಮಾತಿನ ಬ್ಯಾಟರಿ ವಾಸ್ತವವಾಗಿ ಬಹುತೇಕ ಬರಿದಾಗಿರುತ್ತದೆ. ಚಾರ್ಜ್ ಮಾಡಿದರೂ ವೋಲ್ಟೇಜ್ 10.5ರ ಆಸುಪಾಸಿನಲ್ಲೇ ನಿಂತರೆ ಆರರಲ್ಲಿ ಒಂದು ಕೋಶ ಸತ್ತಿದೆ ಎಂದು ಶಂಕಿಸಬೇಕು. ಅಂಥ ಬ್ಯಾಟರಿಗೆ ಚಿಕಿತ್ಸೆಯಿಲ್ಲ.

ಎರಡನೆಯ ಹಂತದಲ್ಲಿ ಒಬ್ಬರು ಸ್ಟಾರ್ಟ್ ಮಾಡುತ್ತಿರುವಾಗ ಇನ್ನೊಬ್ಬರು ಮೀಟರನ್ನು ನೋಡಬೇಕು. ಆರೋಗ್ಯವಂತ ಬ್ಯಾಟರಿಯ ವೋಲ್ಟೇಜ್ ಸಾಮಾನ್ಯವಾಗಿ 10ರ ಮೇಲೆಯೇ ಉಳಿಯುತ್ತದೆ. ಪೂರ್ಣ ಚಾರ್ಜ್ ಆಗಿದ್ದೂ ಬೆಚ್ಚನೆಯ ಹವೆಯಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಅದು ತನ್ನ ರಭಸ ಕಳೆದುಕೊಂಡಿದೆ. ಗ್ಯಾರೇಜುಗಳಲ್ಲಿನ ಲೋಡ್ ಟೆಸ್ಟರ್ ಇದೇ ಪರೀಕ್ಷೆಯನ್ನು ನಿಯಂತ್ರಿತವಾಗಿ ಮಾಡುತ್ತದೆ.

ಬ್ಯಾಟರಿಯ ಮೇಲೆ 11 ವೋಲ್ಟ್ ಉಳಿದಿದ್ದೂ ಎಂಜಿನ್ ತೆವಳುತ್ತಿದ್ದರೆ ಹಾದಿಯಲ್ಲೆಲ್ಲೋ ತಡೆಯಿದೆ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೆಯೂ ಇನ್ನೊಂದನ್ನು ಅದೇ ಕಂಬಕ್ಕೆ ಬಿಗಿದ ಹಿಡಿಕೆಯ ಮೇಲೆಯೂ ಇಟ್ಟು ಸ್ಟಾರ್ಟ್ ಮಾಡಿಸಬೇಕು. ಸಂಪರ್ಕ ಚೆನ್ನಾಗಿದ್ದರೆ ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ, 0.2 ವೋಲ್ಟ್ ದಾಟಿದರೆ ಅಲ್ಲಿ ಕಿಲುಬಿದೆ. 150 ಆಂಪಿಯರ್ ಹರಿಯುವಲ್ಲಿ ಒಂದು ಓಮಿನ ಐವತ್ತನೆಯ ಒಂದು ಭಾಗದಷ್ಟು ರೋಧವೂ 3 ವೋಲ್ಟನ್ನು ನುಂಗಿಹಾಕುತ್ತದೆ. ಇದೇ ಪರೀಕ್ಷೆಯನ್ನು ಬ್ಯಾಟರಿಯ ಋಣಾಗ್ರ ಮತ್ತು ಎಂಜಿನ್ನಿನ ಬರಿಯ ಲೋಹದ ನಡುವೆ ಮಾಡಿದರೆ ಬಾಡಿ ಅರ್ಥಿಂಗ್ ಪಟ್ಟಿಯ ದೋಷ ಬಯಲಾಗುತ್ತದೆ. ಹೊರಗಿನಿಂದ ಹೊಸದರಂತೆ ಕಾಣುವ ಟರ್ಮಿನಲ್ ಒಳಮೈಯಲ್ಲಿ ಕಪ್ಪಾಗಿರುವುದುಂಟು. ಆದ್ದರಿಂದ ಕಣ್ಣಳತೆಗಿಂತ ಈ ಪರೀಕ್ಷೆ ವಿಶ್ವಾಸಾರ್ಹ. ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಹಲವು ‘ಸತ್ತ ಬ್ಯಾಟರಿ’ಗಳು ಮರಳಿ ಎದ್ದು ಕೂರುತ್ತವೆ.

ಮೂರನೆಯದಾಗಿ ಎಂಜಿನ್ ಓಡುತ್ತಿರುವಾಗ ವೋಲ್ಟೇಜ್ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಅದು 12.6ರಿಂದ ಮೇಲೇಳದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟು ಕೆಲಸ ಮಾಡುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದ್ದು, ಬ್ಯಾಟರಿ ಕುದಿದು ನೀರು ಕಳೆದುಕೊಳ್ಳುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಗಣಕವೇ ಚಾರ್ಜಿಂಗನ್ನು ನಿಯಂತ್ರಿಸುವುದರಿಂದ ಈ ಅಂಕಿ ಸ್ವಲ್ಪ ಏರಿಳಿಯುವುದು ಸಹಜ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ‘ಡೈನಮೋ’ ಪರೀಕ್ಷಿಸುವ ಹಳೆಯ ಗ್ಯಾರೇಜು ಪದ್ಧತಿಯನ್ನು ಇಂದಿನ ಕಾರುಗಳಲ್ಲಿ ಅನುಸರಿಸಲೇಬಾರದು. ಆಗ ಉಂಟಾಗುವ ವೋಲ್ಟೇಜ್ ನೆಗೆತದಿಂದ ಎಲೆಕ್ಟ್ರಾನಿಕ್ ಘಟಕಗಳು ಸುಟ್ಟುಹೋಗಬಹುದು.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರಿನಿಂದ ಪ್ರತಿ ಕೋಶವನ್ನೂ ಪ್ರತ್ಯೇಕವಾಗಿ ಅಳೆಯಬಹುದು. ಪೂರ್ಣ ಚಾರ್ಜಿನಲ್ಲಿ ಸಾಪೇಕ್ಷ ಸಾಂದ್ರತೆ 1.265ರ ಸುತ್ತ ಇರುತ್ತದೆ. ಉಷ್ಣವಲಯಕ್ಕೆಂದು ತಯಾರಾದವುಗಳಲ್ಲಿ ಇದು ತುಸು ಕಡಿಮೆ. ಐದು ಕೋಶಗಳು ಒಂದೇ ಸಮನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ದೋಷ ಆ ಕೋಶದಲ್ಲಿದೆ.

ಹೊಸ ಬ್ಯಾಟರಿಯೂ ಬರಿದಾಗುವುದು

ಬ್ಯಾಟರಿ ಮತ್ತು ಆಲ್ಟರ್ನೇಟರ್ ಎರಡೂ ಸರಿಯಿದ್ದು, ಎರಡು-ಮೂರು ದಿನ ನಿಲ್ಲಿಸಿದ ಕಾರು ಚಾಲೂ ಆಗದಿದ್ದರೆ ಸೋರಿಕೆಯನ್ನು ಹುಡುಕಬೇಕು. ಗಡಿಯಾರ, ಕಳ್ಳಗಂಟೆ ಮುಂತಾದವುಗಳಿಗಾಗಿ ನಿಂತ ಕಾರು 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜ. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಗಂಟೆ, 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳು ಯಾವ ದೋಷವೂ ಇಲ್ಲದೆ ಸ್ತಬ್ಧವಾದದ್ದು ಇದರಿಂದ. ಸೋರಿಕೆ ಅರ್ಧ ಆಂಪಿಯರ್ ಆದರೆ ಮೂರು ದಿನವೂ ತಾಳದು. ಹೊರಗಿನಿಂದ ಜೋಡಿಸಿದ ಸ್ಟೀರಿಯೋ, ಆಂಪ್ಲಿಫೈಯರ್, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಇವನ್ನೇ ಮೊದಲು ಶಂಕಿಸಬೇಕು.

ಸೋರಿಕೆಯನ್ನು ಅಳೆಯಲು ಋಣಾಗ್ರದ ತಂತಿ ಕಳಚಿ ಅದರ ಸರಣಿಯಲ್ಲಿ ಆಮ್ಮೀಟರ್ ಜೋಡಿಸಿ, ಕಾರಿನ ಗಣಕಗಳು ನಿದ್ರಾಸ್ಥಿತಿಗೆ ಹೋಗುವವರೆಗೆ ಅರ್ಧ ಗಂಟೆಯಷ್ಟು ಕಾಯಬೇಕು. ಬಳಿಕ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಯಾವುದನ್ನು ತೆಗೆದಾಗ ಪ್ರವಾಹ ಇಳಿಯುತ್ತದೋ ಆ ಮಂಡಲದಲ್ಲಿ ದೋಷವಿದೆ. ಮೀಟರ್ ಜೋಡಿಸಿರುವಾಗ ಕಾರನ್ನು ಸ್ಟಾರ್ಟ್ ಮಾಡಿದರೆ ಮೀಟರು ಸುಡುತ್ತದೆ.

ಬ್ಯಾಟರಿ ಮುಪ್ಪಾಗುವ ಬಗೆ

ಚಳಿಯಲ್ಲಿ ಬ್ಯಾಟರಿ ಕೆಡುತ್ತದೆ ಎಂಬುದು ಶೀತದೇಶಗಳ ಪುಸ್ತಕಗಳಿಂದ ಬಂದ ಅರ್ಧಸತ್ಯ. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನವಾಗಿ, ಎಂಜಿನ್ ಎಣ್ಣೆ ಮಂದವಾಗಿ ದೋಷ ಬಯಲಿಗೆ ಬರುತ್ತದೆ. ಆದರೆ ಬ್ಯಾಟರಿಯನ್ನು ಕೊಲ್ಲುವುದು ಬೇಸಗೆಯ ಬಿಸಿ. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಆಯುಸ್ಸು ಸರಿಸುಮಾರು ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ. ರಾಯಚೂರು, ಕಲಬುರಗಿಗಳಂತೆ ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಬಾನೆಟ್ಟಿನೊಳಗಿನ ಬಿಸಿ ಇನ್ನೂ ಹೆಚ್ಚಿರುತ್ತದೆ. ನೀರು ಆವಿಯಾಗಿ ಫಲಕಗಳ ಜಾಲರಿ ಕೊರೆಯುತ್ತದೆ. ಲಡಾಖಿನಂಥ ಕಡೆ ಬೇರೊಂದು ಅಪಾಯವಿದೆ. ಪೂರ್ಣ ಚಾರ್ಜ್ ಆದ ಬ್ಯಾಟರಿಯ ಆಮ್ಲ ಶೂನ್ಯಕ್ಕಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಬರಿದಾದ ಬ್ಯಾಟರಿಯಲ್ಲಿ ಉಳಿದಿರುವುದು ಬಹುಪಾಲು ನೀರಾದ್ದರಿಂದ ಶೂನ್ಯದ ಕೆಳಗೆ 10 ಡಿಗ್ರಿಯ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟಿ ಡಬ್ಬಿ ಬಿರಿಯಬಹುದು. ಹೆಪ್ಪುಗಟ್ಟಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು.

ಬರಿದಾದ ಸ್ಥಿತಿಯಲ್ಲೇ ಬಹುದಿನ ಬಿಟ್ಟರೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಇದನ್ನು ಸಲ್ಫೇಷನ್ ಎನ್ನುತ್ತಾರೆ. ಆ ಹರಳುಗಳು ಮತ್ತೆ ಪೂರ್ತಿಯಾಗಿ ಕರಗುವುದಿಲ್ಲ. ನಗರದ ದಟ್ಟಣೆಯಲ್ಲಿ ದಿನವೂ ಎರಡು-ಮೂರು ಕಿಲೋಮೀಟರ್ ಮಾತ್ರ ಎ.ಸಿ. ಹಾಕಿಕೊಂಡು ಓಡುವ ಕಾರಿನ ಬ್ಯಾಟರಿ ಎಂದಿಗೂ ಪೂರ್ಣ ಚಾರ್ಜ್ ಆಗದೆ ಇದೇ ಗತಿ ಕಾಣುತ್ತದೆ. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕಬೇಕು. ನಲ್ಲಿ ನೀರು, ಕುಡಿಯುವ ಬಾಟಲಿ ನೀರು ಎರಡರಲ್ಲೂ ಲವಣಗಳಿರುತ್ತವೆ. ಆಮ್ಲ ಸೇರಿಸಲೇಬಾರದು, ಏಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ.

ಜಂಪ್ ಸ್ಟಾರ್ಟ್

ಇನ್ನೊಂದು ಕಾರಿನ ಬ್ಯಾಟರಿಯಿಂದ ವಿದ್ಯುತ್ತು ಪಡೆದು ಚಾಲೂ ಮಾಡುವುದೇ ಜಂಪ್ ಸ್ಟಾರ್ಟ್. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ದಾಟಿದರೆ ಒಂದು ಕಿಡಿಯಿಂದ ಹೊತ್ತಿಕೊಂಡು ಡಬ್ಬಿ ಸಿಡಿದು ಆಮ್ಲ ಮುಖಕ್ಕೆ ಎರಚಬಹುದು. ಕೇಬಲ್ ಜೋಡಿಸುವ ಕ್ರಮವನ್ನು ನಿಗದಿಪಡಿಸಿರುವುದು ಈ ಅಪಾಯಕ್ಕಾಗಿ. ಎರಡೂ ಕಾರುಗಳನ್ನು ಆರಿಸಿ, ಅವು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಕೆಂಪು ಕೇಬಲನ್ನು ಮೊದಲು ಬರಿದಾದ ಬ್ಯಾಟರಿಯ ಧನಾಗ್ರಕ್ಕೆ, ನಂತರ ಒಳ್ಳೆಯ ಬ್ಯಾಟರಿಯ ಧನಾಗ್ರಕ್ಕೆ ಜೋಡಿಸಬೇಕು. ಕಪ್ಪು ಕೇಬಲನ್ನು ಒಳ್ಳೆಯ ಬ್ಯಾಟರಿಯ ಋಣಾಗ್ರಕ್ಕೆ ಜೋಡಿಸಿ, ಅದರ ಕೊನೆಯ ತುದಿಯನ್ನು ಕೆಟ್ಟ ಕಾರಿನ ಬ್ಯಾಟರಿಗಲ್ಲದೆ, ಅದರಿಂದ ದೂರದಲ್ಲಿರುವ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಕಿಡಿ ಹಾರುವುದು ಈ ಕೊನೆಯ ಸಂಪರ್ಕದಲ್ಲಿ. ಅದು ಬ್ಯಾಟರಿಯ ಬಳಿ ಹಾರಬಾರದು. ಬಳಿಕ ಒಳ್ಳೆಯ ಕಾರನ್ನು ಕೆಲವು ನಿಮಿಷ ಓಡಿಸಿ ಕೆಟ್ಟ ಕಾರನ್ನು ಚಾಲೂ ಮಾಡಿ, ಕೇಬಲುಗಳನ್ನು ವಿರುದ್ಧ ಕ್ರಮದಲ್ಲಿ ಬಿಚ್ಚಬೇಕು. ಕೆಂಪು-ಕಪ್ಪು ಅದಲುಬದಲಾದರೆ ಎರಡೂ ಕಾರುಗಳಿಗೆ ಹಾನಿ. ಡಬ್ಬಿ ಉಬ್ಬಿದ್ದರೆ, ಬಿರಿದಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಜಂಪ್ ಸ್ಟಾರ್ಟ್ ಯತ್ನಿಸಬಾರದು.

ಚಾಲೂ ಆದ ಕಾರನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸಿ ಆರಿಸಿದರೆ ಪ್ರಯೋಜನವಿಲ್ಲ. ಆಲ್ಟರ್ನೇಟರ್ ಇರುವುದು ಚಾರ್ಜನ್ನು ಕಾಯ್ದುಕೊಳ್ಳಲು. ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬಲು ಗಂಟೆಗಟ್ಟಲೆ ಚಾರ್ಜರ್ ಹಾಕುವುದೇ ಒಳ್ಳೆಯದು.

ಮ್ಯಾನುಯಲ್ ಗೇರಿನ ಕಾರನ್ನು ಕೀಲಿ ಆನ್ ಮಾಡಿ, ಎರಡನೆಯ ಗೇರಿನಲ್ಲಿ ಕ್ಲಚ್ ಒತ್ತಿಹಿಡಿದು, ತಳ್ಳಿ ವೇಗ ಬಂದಾಗ ಕ್ಲಚ್ ಬಿಟ್ಟು ಚಾಲೂ ಮಾಡಬಹುದು. ಬ್ಯಾಟರಿಯಲ್ಲಿ ಇಂಧನ ಪಂಪು ಮತ್ತು ಗಣಕಕ್ಕೆ ಬೇಕಾದಷ್ಟಾದರೂ ಉಳಿದಿರಬೇಕು. ಎಂಜಿನ್ ಓಡದಿರುವಾಗ ಬ್ರೇಕ್ ಮತ್ತು ಸ್ಟೀರಿಂಗ್ ಬಿಗಿಯಾಗುವುದರಿಂದ ಇಳಿಜಾರಿನಲ್ಲಿ ಇದು ಅಪಾಯಕರ. ಆಟೋಮ್ಯಾಟಿಕ್ ಕಾರುಗಳಿಗೆ ಈ ವಿಧಾನ ಸಲ್ಲದು. ಹೈಬ್ರಿಡ್ ಮತ್ತು ಬಹುತೇಕ ವಿದ್ಯುತ್ ಕಾರುಗಳಲ್ಲೂ ಸಣ್ಣ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಹೊರಡದು. ಅವುಗಳ ವಿಷಯದಲ್ಲಿ ಕೈಪಿಡಿಯನ್ನೇ ಅನುಸರಿಸಬೇಕು.

ಬದಲಾವಣೆ ಮತ್ತು ವಿಲೇವಾರಿ

ಬಿಚ್ಚುವಾಗ ಋಣಾಗ್ರ ಮೊದಲು, ಜೋಡಿಸುವಾಗ ಧನಾಗ್ರ ಮೊದಲು. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಕಾರಿನ ಮೈಗೆ ತಾಗಿ ಶಾರ್ಟ್ ಆಗುತ್ತದೆ. ಉಂಗುರ, ಬಳೆ, ಲೋಹದ ಗಡಿಯಾರ ತೆಗೆದಿಟ್ಟಿರಬೇಕು. ಬೆರಳಿನ ಉಂಗುರದ ಮೂಲಕ ಪ್ರವಾಹ ಹರಿದರೆ ಕ್ಷಣದಲ್ಲೇ ಆಳವಾದ ಸುಟ್ಟಗಾಯವಾಗುತ್ತದೆ. ಹೊಸ ಬ್ಯಾಟರಿಯ ಮೇಲಿನ ‘38ಬಿ20ಎಲ್’ ಬಗೆಯ ಸಂಕೇತದಲ್ಲಿ ಮೊದಲ ಅಂಕಿ ಸಾಮರ್ಥ್ಯದ ಶ್ರೇಣಿಯನ್ನು, ‘ಬಿ’ ಅಗಲ-ಎತ್ತರವನ್ನು, 20 ಸೆಂಟಿಮೀಟರಿನಲ್ಲಿ ಉದ್ದವನ್ನು, ಕೊನೆಯ ಅಕ್ಷರ ಧ್ರುವಗಳು ಯಾವ ಬದಿಗಿವೆ ಎಂಬುದನ್ನು ಸೂಚಿಸುತ್ತವೆ. ಧ್ರುವಗಳ ಬದಿ ತಪ್ಪಿದರೆ ಕೇಬಲು ಎಟುಕುವುದಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ಆರಿ ಹೊತ್ತುವ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿ ಬೇಕು. ಅಗ್ಗವೆಂದು ಸಾಧಾರಣ ಬ್ಯಾಟರಿ ಹಾಕಿದರೆ ಅದು ಬೇಗ ಸೋಲುತ್ತದೆ.

ಹಳೆಯ ಬ್ಯಾಟರಿಯ ಸೀಸವನ್ನು ಬಹುಪಾಲು ಮರಳಿ ಪಡೆಯಬಹುದಾದ್ದರಿಂದ ಅಂಗಡಿಗಳು ಅದಕ್ಕೆ ಬೆಲೆ ಕಟ್ಟಿ ಹೊಸದರ ದರದಲ್ಲಿ ಕಳೆಯುತ್ತವೆ. ಭಾರತದಲ್ಲಿ 2001ರ ನಿಯಮಗಳ ಬದಲಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022, ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಯಲಿನಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ಮಣ್ಣು ಮತ್ತು ಗಾಳಿಗೆ ಸೇರುವ ಸೀಸವು ಸುತ್ತಲಿನ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಆದ್ದರಿಂದ ತುಸು ಹೆಚ್ಚು ಹಣದಾಸೆಗೆ ಗುಜರಿಗೆ ಕೊಡದೆ, ಹಳೆಯ ಬ್ಯಾಟರಿಯನ್ನು ಅಧಿಕೃತ ಮಾರಾಟಗಾರರಿಗೆ ಹಿಂದಿರುಗಿಸಿ ರಸೀದಿ ಪಡೆಯಬೇಕು.